ಲಾಗಿನ್‌ಗೂ ಮೊದಲೇ ಮೌಸ್ ದಾಟಬೇಕು: ಎರಡು ಕಂಪ್ಯೂಟರ್, ಒಂದು ಕೀಬೋರ್ಡ್

ಕುದ್ರೋಳಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಎರಡಿವೆ, ಕೀಬೋರ್ಡ್ ಮತ್ತು ಮೌಸ್ ಮಾತ್ರ ಒಂದೇ ಜೊತೆ. ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ ಇದೆ. ಅದರಲ್ಲಿ ಭಾಯಿಜಾನ್ ಬಂದರಿನ ಕೆಲವು ಅಂಗಡಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಾರೆ. ಇನ್ನೊಂದು ತುಂಬ ಹಳೆಯದು. ವಿಂಡೋಸ್ ಭಾರಕ್ಕೆ ಏದುಸಿರು ಬಿಡುತ್ತಿದ್ದ ಅದು ಲಿನಕ್ಸ್ ಮಿಂಟ್ ಹಾಕಿದ ಮೇಲೆ ಚೆನ್ನಾಗಿ ನಡೆಯುತ್ತಿದೆ. ಅಂಗಡಿಯವರ ಬಿಲ್ಲುಗಳ ಸ್ಕ್ಯಾನ್, ಉದ್ರಿ ಲೆಕ್ಕದ ಪಟ್ಟಿ ಎಲ್ಲ ಅದರಲ್ಲೇ ಇವೆ.

ಲಿನಕ್ಸ್ ಹಾಕಿಕೊಟ್ಟವನು ಉಪ್ಪಳದಲ್ಲಿರುವ ನನ್ನ ಖಾಲಾ ಅವರ ಮಗ. ಅವನು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದವನು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಸರಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸ್‌ನಲ್ಲಿ. ನಮಗೆ ಹೊಸದಾಗಿ ಕಾಣುವುದು ಅವನಿಗೆ ಹೈಸ್ಕೂಲಿನ ಪಾಠ.

ಒಂದೇ ಕೀಬೋರ್ಡ್ ಎರಡಕ್ಕೂ ಸಾಲುವುದು ಹೇಗೆ? ಅದಕ್ಕೆ ತಂತ್ರಾಂಶ ಇದೆ. 2001ರಲ್ಲಿ ಕ್ರಿಸ್ ಶೋನೆಮನ್ ಎಂಬವರು ಬರೆದ ಸಿನರ್ಜಿ ಇವುಗಳ ಮೂಲ. ಅದರಿಂದ ಕವಲೊಡೆದದ್ದು ಬ್ಯಾರಿಯರ್. ಬ್ಯಾರಿಯರ್‌ನಿಂದ ಮುಂದೆ ಬಂದದ್ದು ಇನ್‌ಪುಟ್ ಲೀಪ್. ಕೀಬೋರ್ಡ್ ಜೋಡಿಸಿರುವ ಕಂಪ್ಯೂಟರ್ ಸರ್ವರ್, ಇನ್ನೊಂದು ಕ್ಲೈಂಟ್. ಮೌಸನ್ನು ಪರದೆಯ ಅಂಚಿಗೆ ತಳ್ಳಿದರೆ ಬಾಣದ ಗುರುತು ಪಕ್ಕದ ಪರದೆಗೆ ದಾಟುತ್ತದೆ, ಆಮೇಲೆ ಟೈಪ್ ಮಾಡಿದ್ದೆಲ್ಲ ಅಲ್ಲಿ ಮೂಡುತ್ತದೆ. ಈ ಮಾತುಕತೆ ಮನೆಯ ನೆಟ್‌ವರ್ಕಿನಲ್ಲಿ 24800 ಎಂಬ ಪೋರ್ಟ್ ಮೂಲಕ ನಡೆಯುತ್ತದೆ.

ಎಲ್ಲವೂ ಚೆನ್ನಾಗಿಯೇ ಇತ್ತು, ಮಳೆಗಾಲ ಬರುವವರೆಗೆ.

19ನೇ ತಾರೀಕಿನ ರಾತ್ರಿ

ತಿಂಗಳಿಗೊಮ್ಮೆ ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ ಮರು ತಿಂಗಳ 20 ಕೊನೆಯ ದಿನ ಎಂದು ನಮ್ಮ ವಿಭಾಗದವರಿಗೆ ಗೊತ್ತು. ತಡವಾದರೆ ತೆರಿಗೆ ಬಾಕಿ ಇರುವವರಿಗೆ ದಿನಕ್ಕೆ 50 ರೂಪಾಯಿ ಶುಲ್ಕ, ಮೇಲೆ ಬಡ್ಡಿ. ಅಂಥ ಒಂದು 19ರ ರಾತ್ರಿ ಕರೆಂಟ್ ಹೋಗಿ ಬಂತು. ಎರಡೂ ಕಂಪ್ಯೂಟರ್ ಮತ್ತೆ ಆನ್ ಆದವು. ಲಿನಕ್ಸ್ ಪರದೆ ಪಾಸ್‌ವರ್ಡ್ ಕೇಳುತ್ತ ನಿಂತಿತು, ಆದರೆ ಮೌಸ್ ಆ ಕಡೆ ದಾಟಲಿಲ್ಲ. ಬ್ಯಾರಿಯರ್ ಶುರುವಾಗುವುದು ಲಾಗಿನ್ ಆದ ಮೇಲೆ. ಲಾಗಿನ್ ಆಗಬೇಕಾದರೆ ಕೀಬೋರ್ಡ್ ಬೇಕು. ಕೀಬೋರ್ಡ್ ಬೇಕಾದರೆ ಬ್ಯಾರಿಯರ್ ಶುರುವಾಗಬೇಕು. ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ.

ಟಾರ್ಚ್ ಹಿಡಿದು ಮೇಜಿನಡಿ ನುಗ್ಗಿ, ಕೀಬೋರ್ಡಿನ ವೈರ್ ಕಿತ್ತು ಹಳೆಯ ಕಂಪ್ಯೂಟರಿಗೆ ಹಾಕಿ, ಪಾಸ್‌ವರ್ಡ್ ಕೊಟ್ಟು, ಮತ್ತೆ ಕಿತ್ತು ಮೊದಲಿನ ಜಾಗಕ್ಕೆ ಹಾಕಿದೆವು. ಆ ರಾತ್ರಿ ಮೂರು ಸಲ ಕರೆಂಟ್ ಹೋಯಿತು, ಮೂರು ಸಲವೂ ಇದೇ ಕಸರತ್ತು. ಕೊನೆಗೆ ಭಾಯಿಜಾನ್ ಬೇಸತ್ತು, “ಪಾಸ್‌ವರ್ಡ್ ಕೇಳುವುದನ್ನೇ ತೆಗೆದುಬಿಡು, ಆನ್ ಮಾಡಿದ ಕೂಡಲೇ ತೆರೆಯಲಿ” ಎಂದರು. ಲಿನಕ್ಸ್‌ನಲ್ಲಿ ಅದಕ್ಕೆ ಒಂದು ಟಿಕ್ ಗುರುತು ಸಾಕು. ನಾನು ಹಾಕುವುದರಲ್ಲಿದ್ದೆ.

ಅಬ್ಬಾ ತಡೆದರು. “ಅದರಲ್ಲಿರುವುದು ನಮ್ಮ ಲೆಕ್ಕವಲ್ಲ, ಬೇರೆಯವರ ಅಮಾನತ್” ಎಂದರು. ಕನ್ನಡ ಪತ್ರಿಕೆಗಳಲ್ಲಿ ಅಮಾನತು ಎಂದರೆ ನೌಕರರನ್ನು ಕೆಲಸದಿಂದ ತಡೆಹಿಡಿಯುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ನಮ್ಮ ಕೈಯಲ್ಲಿ ಇಟ್ಟದ್ದು. ಯಾರು ಯಾರಿಗೆ ಎಷ್ಟು ಬಾಕಿ ಎಂಬುದು ಮನೆಗೆ ಬಂದುಹೋಗುವವರೆಲ್ಲ ನೋಡುವ ವಿಷಯವಲ್ಲ. ಹಾಗಾಗಿ ಪಾಸ್‌ವರ್ಡ್ ಇರಬೇಕು, ಮೌಸ್ ಕೂಡ ದಾಟಬೇಕು.

ತಪ್ಪು ಎಲ್ಲಿತ್ತು?

ಲಿನಕ್ಸ್ ಆನ್ ಆಗುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಕರ್ನಲ್, ನಂತರ ಹಿನ್ನೆಲೆಯ ಸೇವೆಗಳು. ಆಮೇಲೆ ಡಿಸ್‌ಪ್ಲೇ ಮ್ಯಾನೇಜರ್ ಎದ್ದು ಚಿತ್ರ ತೋರಿಸುವ ಎಕ್ಸ್ ಸರ್ವರನ್ನು ನಡೆಸಿ ಲಾಗಿನ್ ಪರದೆ ತೋರಿಸುತ್ತದೆ. ಆ ಪರದೆಗೆ ಗ್ರೀಟರ್ ಎಂದು ಹೆಸರು. ಪಾಸ್‌ವರ್ಡ್ ಸರಿಯಾದರೆ ಮಾತ್ರ ಬಳಕೆದಾರರ ಸೆಷನ್ ಶುರು. ನಾನು ಬ್ಯಾರಿಯರನ್ನು ‘ಸ್ಟಾರ್ಟಪ್ ಅಪ್ಲಿಕೇಷನ್ಸ್’ ಪಟ್ಟಿಗೆ ಸೇರಿಸಿದ್ದೆ. ಆ ಪಟ್ಟಿ ಓಡುವುದು ಕೊನೆಯ ಮೆಟ್ಟಿಲಿನಲ್ಲಿ. ಶಟರ್ ತೆರೆದ ಮೇಲೆ ಕೆಲಸಕ್ಕೆ ಬರುವವನ ಕೈಯಲ್ಲಿ ಶಟರಿನ ಕೀ ಕೊಟ್ಟ ಹಾಗಾಗಿತ್ತು. ವಿಂಡೋಸಿನಲ್ಲಿ ಬ್ಯಾರಿಯರ್ ಒಂದು ಸರ್ವಿಸ್ ಆಗಿ ಓಡುವುದರಿಂದ ಲಾಗಿನ್ ಪರದೆಯಲ್ಲೂ ಕೆಲಸ ಮಾಡುತ್ತದೆ. ಲಿನಕ್ಸ್‌ನಲ್ಲಿ ಅದನ್ನು ನಾವೇ ಹೇಳಿಕೊಡಬೇಕು.

ಸರಿಮಾಡಿದ ಬಗೆ

ಲಿನಕ್ಸ್ ಮಿಂಟ್‌ನ ಡಿಸ್‌ಪ್ಲೇ ಮ್ಯಾನೇಜರ್ ಹೆಸರು ಲೈಟ್‌ಡಿಎಂ. ಗ್ರೀಟರ್ ತೋರಿಸುವ ಮುಂಚೆ ಒಂದು ಸ್ಕ್ರಿಪ್ಟ್, ಸೆಷನ್ ಶುರುವಾಗುವ ಮುಂಚೆ ಇನ್ನೊಂದು ಸ್ಕ್ರಿಪ್ಟ್ ಓಡಿಸುವ ಅವಕಾಶ ಅದರಲ್ಲಿದೆ. ಕೆಳಗಿನ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು.

1. ಮೊದಲ ಸ್ಕ್ರಿಪ್ಟ್ ‘ಬ್ಯಾರಿಯರ್‌ಸಿ’ ಎಂಬ ಕ್ಲೈಂಟ್ ಆಜ್ಞೆಯನ್ನು ಓಡಿಸುತ್ತದೆ. ಆಜ್ಞೆಯ ಜೊತೆ ಕ್ಲೈಂಟಿನ ಹೆಸರು ಮತ್ತು ವಿಂಡೋಸ್ ಕಂಪ್ಯೂಟರಿನ ಐಪಿ ವಿಳಾಸ ಇರಬೇಕು. ಹೆಸರು ಸರ್ವರಿನ ಪರದೆ ನಕ್ಷೆಯಲ್ಲಿ ಕೊಟ್ಟದ್ದೇ ಆಗಿರಬೇಕು.

2. ಎರಡನೇ ಸ್ಕ್ರಿಪ್ಟ್ ಆ ಕ್ಲೈಂಟನ್ನು ನಿಲ್ಲಿಸುತ್ತದೆ. ನಂತರ ಸ್ಟಾರ್ಟಪ್ ಪಟ್ಟಿಯಲ್ಲಿರುವ ಕ್ಲೈಂಟ್ ನನ್ನ ಹೆಸರಿನಲ್ಲಿ ಶುರುವಾಗುತ್ತದೆ. ನಿಲ್ಲಿಸದಿದ್ದರೆ ಒಂದೇ ಹೆಸರಿನ ಇಬ್ಬರು ಬಂದಂತಾಗಿ ಸರ್ವರ್ ಎರಡನೆಯವನನ್ನು ಒಳಗೆ ಬಿಡುವುದಿಲ್ಲ.

3. ಇಟಿಸಿ ಫೋಲ್ಡರಿನ ಲೈಟ್‌ಡಿಎಂ ಒಳಗಿರುವ ‘ಲೈಟ್‌ಡಿಎಂ.ಕಾನ್ಫ್.ಡಿ’ಯಲ್ಲಿ ‘ಕಾನ್ಫ್’ ಎಂದು ಕೊನೆಯಾಗುವ ಒಂದು ಕಡತ ಮಾಡಿ, ‘ಸೀಟ್:*’ ಎಂಬ ಭಾಗದಡಿ ಎರಡು ಸಾಲು ಬರೆಯಬೇಕು. ‘ಗ್ರೀಟರ್-ಸೆಟಪ್-ಸ್ಕ್ರಿಪ್ಟ್’ಗೆ ಮೊದಲ ಸ್ಕ್ರಿಪ್ಟಿನ ದಾರಿ, ‘ಸೆಷನ್-ಸೆಟಪ್-ಸ್ಕ್ರಿಪ್ಟ್’ಗೆ ಎರಡನೆಯದರ ದಾರಿ.

ಬೇರೆಯವರ ಪರದೆಯಲ್ಲಿ ಬಾಣ ಓಡಿಸಲು ಎಕ್ಸ್ ಸರ್ವರ್ ಒಂದು ಅನುಮತಿ ಚೀಟಿ ಕೇಳುತ್ತದೆ. ಲೈಟ್‌ಡಿಎಂ ಈ ಸ್ಕ್ರಿಪ್ಟುಗಳನ್ನು ರೂಟ್ ಅಧಿಕಾರದಲ್ಲಿ ಓಡಿಸುವಾಗ ಆ ಚೀಟಿಯನ್ನೂ ಜೊತೆಗೆ ಕೊಡುವುದರಿಂದ ನಾವು ಹುಡುಕಬೇಕಾಗಿಲ್ಲ. ಆದರೆ ರೂಟ್ ಓಡಿಸುವ ಸ್ಕ್ರಿಪ್ಟನ್ನು ತಿದ್ದುವ ಹಕ್ಕು ಬೇರೆ ಯಾರಿಗೂ ಇರಬಾರದು.

ನಾನು ಎಡವಿದ ನಾಲ್ಕು ಕಡೆ

ಒಂದು, ಸ್ಕ್ರಿಪ್ಟ್ ಮುಗಿಯುವವರೆಗೆ ಲೈಟ್‌ಡಿಎಂ ಕಾಯುತ್ತದೆ. ನಾನು ಕ್ಲೈಂಟನ್ನು ಮುನ್ನೆಲೆಯಲ್ಲಿ ಓಡಿಸಿದ್ದೆ, ಲಾಗಿನ್ ಪರದೆಯೇ ಬರಲಿಲ್ಲ. ಅದು ಹಿನ್ನೆಲೆಯಲ್ಲಿ ಓಡಬೇಕು, ಸ್ಕ್ರಿಪ್ಟಿನ ಕೊನೆಯ ಸಾಲು ‘ಎಕ್ಸಿಟ್ 0’ ಆಗಿರಬೇಕು.

ಎರಡು, ವೈಫೈ. ಅದರ ಪಾಸ್‌ವರ್ಡ್ ನನ್ನ ಖಾತೆಯಲ್ಲಿ ಮಾತ್ರ ಉಳಿದಿದ್ದರೆ ನೆಟ್‌ವರ್ಕ್ ಸಿಗುವುದೂ ಲಾಗಿನ್ ಆದ ಮೇಲೆಯೇ. ಎಲ್ಲ ಬಳಕೆದಾರರಿಗೂ ಸಿಗುವಂತೆ ಬದಲಿಸಬೇಕು. ಕೇಬಲ್ ಹಾಕಿದರೆ ಈ ತೊಂದರೆಯೇ ಇಲ್ಲ. ನಾವು ಕೇಬಲ್ ಹಾಕಿದೆವು. ಜೊತೆಗೆ, ವಿಂಡೋಸ್ ಕಂಪ್ಯೂಟರಿಗೆ ಯಾವಾಗಲೂ ಒಂದೇ ಐಪಿ ವಿಳಾಸ ಸಿಗುವಂತೆ ರೂಟರಿನಲ್ಲಿ ಗೊತ್ತುಮಾಡಿದೆವು.

ಮೂರು, ಗುಪ್ತಲಿಪಿ. ಲಾಗಿನ್ ಪಾಸ್‌ವರ್ಡಿನ ಪ್ರತಿ ಅಕ್ಷರವೂ ಈಗ ನೆಟ್‌ವರ್ಕಿನಲ್ಲಿ ಹರಿಯುತ್ತದೆ, ಆದ್ದರಿಂದ ಎಸ್‌ಎಸ್‌ಎಲ್ ಆಯ್ಕೆ ಕಡ್ಡಾಯ. ಕ್ಲೈಂಟ್ ಮೊದಲ ಸಲ ಸರ್ವರಿನ ಫಿಂಗರ್‌ಪ್ರಿಂಟ್ ತೋರಿಸಿ “ನಂಬಲೇ?” ಎಂದು ಕೇಳುತ್ತದೆ. ನಾನು ಹೌದು ಎಂದದ್ದು ನನ್ನ ಖಾತೆಯಲ್ಲಿ ಉಳಿದಿತ್ತು, ರೂಟ್‌ಗೆ ಅದು ಗೊತ್ತಿಲ್ಲ. ಲಾಗಿನ್ ಆದ ಮೇಲೆ ದಾಟುತ್ತಿದ್ದ ಮೌಸ್ ಅದಕ್ಕೂ ಮೊದಲು ದಾಟದೆ ಇದ್ದುದಕ್ಕೆ ಇದೇ ಕಾರಣ. ಆ ಕಡತವನ್ನು ರೂಟ್ ಓದುವ ಫೋಲ್ಡರಿಗೆ ನಕಲು ಮಾಡಿ, ಆ ಫೋಲ್ಡರಿನ ದಾರಿಯನ್ನು ಆಜ್ಞೆಯಲ್ಲಿ ಕೊಟ್ಟಾಗ ಸರಿಹೋಯಿತು. ಬೇಸತ್ತು ಎಸ್‌ಎಸ್‌ಎಲ್ ಆಫ್ ಮಾಡಿದ್ದರೆ ಐದು ನಿಮಿಷದ ಕೆಲಸವಾಗಿತ್ತು. ಆದರೆ ಪಾಸ್‌ವರ್ಡ್ ಉಳಿಸಿಕೊಳ್ಳಲೆಂದೇ ಇಷ್ಟೆಲ್ಲ ಮಾಡಿ, ಅದನ್ನೇ ಬಯಲಿನಲ್ಲಿ ಕಳುಹಿಸಿದರೆ ಏನು ಬಂತು?

ನಾಲ್ಕು, ವೇಲ್ಯಾಂಡ್. ಹೊಸ ಉಬುಂಟುವಿನಲ್ಲಿ ಜಿಡಿಎಂ ಎಂಬ ಡಿಸ್‌ಪ್ಲೇ ಮ್ಯಾನೇಜರ್, ಎಕ್ಸ್ ಬದಲು ವೇಲ್ಯಾಂಡ್ ಇರುತ್ತವೆ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಸುಮ್ಮನೆ ಕೀಲಿ ಒತ್ತಿ ಕಳುಹಿಸುವುದನ್ನು ವೇಲ್ಯಾಂಡ್ ಬಿಡುವುದಿಲ್ಲ, ಬಳಕೆದಾರರ ಒಪ್ಪಿಗೆ ಕೇಳುತ್ತದೆ. ಲಾಗಿನ್ ಪರದೆಯಲ್ಲಿ ಒಪ್ಪಿಗೆ ಕೊಡಲು ಇನ್ನೂ ಯಾರೂ ಒಳಗೆ ಬಂದಿರುವುದಿಲ್ಲ. ಅಲ್ಲಿ ನನ್ನ ಈ ದಾರಿ ನಡೆಯದು. ಲೈಟ್‌ಡಿಎಂ ಮತ್ತು ಎಕ್ಸ್ ಇರುವ ಲಿನಕ್ಸ್‌ನಲ್ಲಿ ಮಾತ್ರ ಪ್ರಯತ್ನಿಸಿ.

ಇನ್ನೊಂದು ಕೀಬೋರ್ಡ್ ಕೊಳ್ಳಬಹುದಲ್ಲ?

ಅಮ್ಮಿ ಕೇಳಿದ್ದು ಇದನ್ನೇ. ಕೊಂಡಿದ್ದೇವೆ, ಅಗ್ಗದ್ದು, ಕಪಾಟಿನಲ್ಲಿದೆ. ಮೇಜಿನ ಮೇಲೆ ಎರಡಕ್ಕೆ ಜಾಗವಿಲ್ಲ. ಆದರೆ ಅದು ಬೇಕೇ ಬೇಕು. ಕರ್ನಲ್ ಏಳುವುದಕ್ಕೂ ಮೊದಲಿನ ಬಯೋಸ್ ಪರದೆಗೆ, ನೆಟ್‌ವರ್ಕ್ ಕೆಟ್ಟಾಗ, ಅಥವಾ ನಾನು ಮಾಡಿದಂತೆ ಸ್ಕ್ರಿಪ್ಟ್ ತಪ್ಪಿ ಲಾಗಿನ್ ಪರದೆಯೇ ಮಾಯವಾದಾಗ ಯಾವ ತಂತ್ರಾಂಶವೂ ನೆರವಿಗೆ ಬರುವುದಿಲ್ಲ. ಪಕ್ಕದಲ್ಲಿ ಕೀಬೋರ್ಡ್ ಇಟ್ಟುಕೊಂಡೇ ಈ ಪ್ರಯೋಗ ಮಾಡಿ. ವಿಂಡೋಸ್ ಕಂಪ್ಯೂಟರನ್ನು ಬಿಟ್ಟು ಏಳುವಾಗ ಲಾಕ್ ಮಾಡುವುದನ್ನೂ ಮರೆಯಬೇಡಿ. ಈಗ ಅದರ ಕೀಬೋರ್ಡಿನಿಂದ ಎರಡು ಕಂಪ್ಯೂಟರ್ ನಡೆಯುತ್ತವೆ.

ಮರು ತಿಂಗಳ 19ರಂದು ಮತ್ತೆ ಮಳೆ, ಮತ್ತೆ ಕರೆಂಟ್ ಹೋಯಿತು. ಬಂದ ಮೇಲೆ ಭಾಯಿಜಾನ್ ಎರಡೂ ಕಂಪ್ಯೂಟರ್ ಆನ್ ಮಾಡಿ ಮೌಸನ್ನು ಬಲಕ್ಕೆ ತಳ್ಳಿದರು. ಬಾಣ ದಾಟಿತು. ಪಾಸ್‌ವರ್ಡ್ ಹಾಕಿದರು, ಲೆಕ್ಕ ಮುಂದುವರಿಸಿದರು. ನನಗೆ ಏನೂ ಹೇಳಲಿಲ್ಲ, ನನ್ನನ್ನು ಕರೆಯಲೂ ಇಲ್ಲ. ಮೇಜಿನಡಿ ನುಗ್ಗುವ ಕೆಲಸ ಅಲ್ಲಿಗೆ ಮುಗಿದಿತ್ತು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ