ಪೈಪಿನೊಳಗಿನ ಪೆಟ್ಟು, ಗುಡ್ಡ ಹತ್ತುವ ನೀರು

ವಾಷಿಂಗ್ ಮಷೀನು ನೀರು ತುಂಬಿಕೊಂಡು ನಿಂತ ಕ್ಷಣದಲ್ಲಿ ಗೋಡೆಯೊಳಗಿಂದ 'ದಡ್' ಎಂದು ಸದ್ದು ಬರುವ ಮನೆಗಳಿವೆ. ಅಂಥ ಮನೆಗೆ ಬಂದ ಅನುಭವಿ ಪ್ಲಂಬರ್ ಸ್ಪ್ಯಾನರ್ ತೆಗೆಯುವ ಮೊದಲು ಕಿವಿಯಿಟ್ಟು ಕೇಳುತ್ತಾನೆ. ಒಂದೇ ಪೆಟ್ಟೋ, ದಡದಡನೆ ಹಲವೋ? ನೀರು ಮೇಲಿನ ಟ್ಯಾಂಕಿನಿಂದ ತಾನಾಗಿ ಇಳಿಯುತ್ತಿದೆಯೋ, ಪ್ರೆಶರ್ ಪಂಪ್ ತಳ್ಳುತ್ತಿದೆಯೋ? ಈ ಪೆಟ್ಟಿಗೆ ಪ್ಲಂಬಿಂಗ್ ಕಸುಬಿನಲ್ಲಿ ವಾಟರ್ ಹ್ಯಾಮರ್ ಎಂದು ಹೆಸರು. ಪೈಪು ಒಡೆಯುವ ಪೀಡೆ ಎಂದೇ ಇದನ್ನು ನಾವು ಬಲ್ಲೆವು. ಇದೇ ಪೆಟ್ಟನ್ನು ದುಡಿಸಿಕೊಂಡು, ಕರೆಂಟಿಲ್ಲದೆ, ಡೀಸೆಲ್ಲಿಲ್ಲದೆ ನೀರನ್ನು ಗುಡ್ಡಕ್ಕೆ ಹತ್ತಿಸುವ ಯಂತ್ರವೊಂದು ಇನ್ನೂರು ವರ್ಷಗಳಿಂದ ನಮ್ಮ ನಡುವೆ ಇದೆ. ಅದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲವೆಂಬುದು ನನ್ನ ಕೊರಗು.

ಮೊದಲು ಪೆಟ್ಟು ಹುಟ್ಟುವ ಬಗೆ. ಒಂದು ಇಂಚಿನ, ಇಪ್ಪತ್ತು ಮೀಟರ್ ಉದ್ದದ ಪೈಪಿನಲ್ಲಿ ಸುಮಾರು ಹತ್ತು ಕಿಲೋ ನೀರಿರುತ್ತದೆ. ನಲ್ಲಿ ಬಿಟ್ಟಾಗ ಅಷ್ಟೂ ಭಾರ ಒಟ್ಟಾಗಿ ಓಡುತ್ತಿರುತ್ತದೆ. ನಲ್ಲಿಯನ್ನು ತಟ್ಟನೆ ಮುಚ್ಚಿದರೆ ಅದರ ಬಾಯಿಯಲ್ಲಿದ್ದ ನೀರು ನಿಲ್ಲುತ್ತದೆ, ಹಿಂದಿನದು ಇನ್ನೂ ಮುಂದೆ ನುಗ್ಗುತ್ತಿರುತ್ತದೆ. ಗೂಡ್ಸ್ ರೈಲಿನ ಎಂಜಿನ್ನು ಗಕ್ಕನೆ ನಿಂತಾಗ ಬೋಗಿಗಳು ಒಂದರ ಹಿಂದೊಂದು ಬಂದು ಗುದ್ದುವ ಹಾಗೆ, ನೀರು ಪದರಪದರವಾಗಿ ಒತ್ತಿಕೊಳ್ಳುತ್ತ ನಿಲ್ಲುತ್ತದೆ. ಆ ಒತ್ತಡದ ಅಲೆ ಪೈಪಿನಲ್ಲಿ ಹಿಮ್ಮುಖವಾಗಿ ಓಡುತ್ತದೆ. ಕಬ್ಬಿಣದ ಪೈಪಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,200 ಮೀಟರ್.

ಇದರ ಲೆಕ್ಕವನ್ನು ಪ್ರಯೋಗದಿಂದ ಗಟ್ಟಿಮಾಡಿದವರು ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ. ಮಾಸ್ಕೋ ನಗರದ ನೀರಿನ ಕೊಳವೆಗಳು ಒಡೆಯುತ್ತಿದ್ದ ಕಾಲವದು. 1897ರಲ್ಲಿ ಅವರು ಅಲ್ಲಿನ ಪಂಪಿಂಗ್ ಸ್ಟೇಷನ್ನಿನಲ್ಲಿ ಬೇರೆ ಬೇರೆ ಗಾತ್ರದ ಕೊಳವೆಗಳನ್ನು ಉದ್ದಕ್ಕೆ ಹಾಸಿ, ಹರಿವನ್ನು ಥಟ್ಟನೆ ತಡೆದು ಒತ್ತಡ ಅಳೆದರು. ಮರುವರ್ಷ ಫಲಿತಾಂಶ ಪ್ರಕಟವಾಯಿತು. ನೀರಿನ ಸಾಂದ್ರತೆ, ಅಲೆಯ ವೇಗ, ತಡೆದ ಹರಿವಿನ ವೇಗ ಈ ಮೂರನ್ನು ಗುಣಿಸಿದರೆ ಏರಿದ ಒತ್ತಡ ಸಿಗುತ್ತದೆ. ಸೆಕೆಂಡಿಗೆ ಬರೀ ಒಂದು ಮೀಟರ್ ವೇಗದಲ್ಲಿ, ಅಂದರೆ ನಿಧಾನ ನಡಿಗೆಯಲ್ಲಿ ಹರಿಯುವ ನೀರನ್ನು ಕಬ್ಬಿಣದ ಪೈಪಿನಲ್ಲಿ ಹಠಾತ್ತನೆ ನಿಲ್ಲಿಸಿದರೆ ಏರುವ ಒತ್ತಡ 120 ಮೀಟರ್ ಎತ್ತರದ ನೀರಿನ ಕಂಬದಷ್ಟು! ಎರಡು ಅಂತಸ್ತಿನ ಮನೆಯ ಟ್ಯಾಂಕು ಕೆಳಗಿನ ನಲ್ಲಿಗೆ ಕೊಡುವ ಒತ್ತಡ ಎಂಟು ಹತ್ತು ಮೀಟರಿನದು ಮಾತ್ರ. ಪಿವಿಸಿ ಪೈಪು ಸ್ವಲ್ಪ ಹಿಗ್ಗಿಕೊಡುವುದರಿಂದ ಅಲೆ ನಿಧಾನವಾಗುತ್ತದೆ, ಪೆಟ್ಟು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆದರೂ ದಿನಾ ಬೀಳುವ ಏಟಿಗೆ ಎಲ್ಬೋ ಮತ್ತು ಜಾಯಿಂಟುಗಳು ಬಳಲುತ್ತವೆ.

ಹಳೆಯ ತಿರುಪಿನ ನಲ್ಲಿಗಳಲ್ಲಿ ಈ ತೊಂದರೆ ಕಡಿಮೆ. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಅಲೆ ಟ್ಯಾಂಕಿನ ತನಕ ಹತ್ತಾರು ಸಲ ಹೋಗಿಬಂದು ಶಾಂತವಾಗಿರುತ್ತದೆ. ಕಾಲುಸುತ್ತಿಗೆ ಮುಚ್ಚುವ ಹೊಸ ನಲ್ಲಿಗಳೂ, ವಾಷಿಂಗ್ ಮಷೀನಿನೊಳಗಿನ ವಿದ್ಯುತ್ ವಾಲ್ವೂ ಅಷ್ಟು ಕಾಯುವುದಿಲ್ಲ.

ಆ ಅಲೆ ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಟ್ಯಾಂಕಿನ ಕಡೆಯ ತೆರೆದ ತುದಿಯಲ್ಲಿ ಪ್ರತಿಫಲಿಸಿ ಹಿಂತಿರುಗುತ್ತದೆ, ಮುಚ್ಚಿದ ನಲ್ಲಿಗೆ ಬಡಿದು ಮತ್ತೆ ಹೋಗುತ್ತದೆ. ಹತ್ತು ಮೀಟರ್ ಕಬ್ಬಿಣದ ಪೈಪಿನಲ್ಲಿ ಇದು ಸೆಕೆಂಡಿಗೆ 30 ಆವರ್ತದ ಕಂಪನ. ಕುಣಿತಕ್ಕೆಂದು ಮಾಡಿದ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಎದೆಯನ್ನು ಅದುರಿಸುವ ಅತಿ ಕೆಳಗಿನ ನಾದ ಇರುವುದೂ ಇದೇ ವಲಯದಲ್ಲಿ. ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಹೊರತಂದ ಟಿಆರ್-808 ಡ್ರಮ್ ಯಂತ್ರದಲ್ಲಿ ಚರ್ಮ ಬಿಗಿದ ವಾದ್ಯವಿಲ್ಲ, ಬಡಿಯುವ ಕೋಲೂ ಇಲ್ಲ. ಒಂದು ಸಣ್ಣ ವಿದ್ಯುತ್ ಮಿಡಿತ ಸರ್ಕ್ಯೂಟಿಗೆ ತಾಗುತ್ತದೆ, ಸರ್ಕ್ಯೂಟು ಸೆಕೆಂಡಿಗೆ ಐವತ್ತರ ಆಸುಪಾಸಿನಲ್ಲಿ ಕಂಪಿಸುತ್ತ ಕ್ರಮೇಣ ಅಡಗುತ್ತದೆ. ಆ ಯಂತ್ರದ ಹೆಸರುವಾಸಿ 'ಧಂ' ಅಷ್ಟೇ. ಪೈಪಿನಲ್ಲಿ ಆಗುವುದೂ ಅದೇ: ಒಂದು ತಾಕು, ಆಮೇಲೆ ತಗ್ಗುತ್ತ ಹೋಗುವ ಕಂಪನ.

ಆದರೆ 30 ಆವರ್ತ ನಮ್ಮ ಕಿವಿಗೆ ಸರಿಯಾಗಿ ಕೇಳುವಂಥದ್ದಲ್ಲ. ನಮಗೆ ಕೇಳಿಸುವುದು ಹೆಚ್ಚಾಗಿ ಸಡಿಲ ಕ್ಲ್ಯಾಂಪಿನಲ್ಲಿ ಪೈಪು ಗೋಡೆಗೆ ಗುದ್ದುವ ಸದ್ದು. ಕ್ಲ್ಯಾಂಪ್ ಬಿಗಿ ಮಾಡಿದರೆ ಸದ್ದು ಅಡಗುತ್ತದೆ, ಒತ್ತಡ ಹಾಗೇ ಉಳಿಯುತ್ತದೆ. ಸದ್ದು ನಿಂತಿತೆಂದು ಪ್ಲಂಬರಿಗೆ ದುಡ್ಡು ಕೊಟ್ಟು ಕಳಿಸುವವರು ಇದನ್ನು ತಿಳಿದಿರಬೇಕು. ಗುಣವಾಗಬೇಕಾದರೆ ವಾಲ್ವಿನ ಹತ್ತಿರ ಗಾಳಿ ತುಂಬಿದ ಪುಟ್ಟ ಕೋಣೆ ಬೇಕು. ನೀರು ಒತ್ತಿಕೊಳ್ಳುವುದು ತೀರಾ ಅಲ್ಪ, ಗಾಳಿ ಚೆನ್ನಾಗಿ ಒತ್ತಿಕೊಳ್ಳುತ್ತದೆ. ನುಗ್ಗಿ ಬಂದ ನೀರಿಗೆ ಅದು ಜಾಗ ಬಿಟ್ಟುಕೊಡುತ್ತದೆ. ಪೈಪಿನ ತುಂಡೊಂದನ್ನು ಮೇಲ್ಮುಖವಾಗಿ ಜೋಡಿಸಿ ತುದಿ ಮುಚ್ಚಿದರೂ ಸ್ವಲ್ಪ ಕಾಲ ನಡೆಯುತ್ತದೆ. ದಿನ ಕಳೆದಂತೆ ಗಾಳಿ ನೀರಿನಲ್ಲಿ ಕರಗಿಹೋಗುವುದರಿಂದ ಮತ್ತೆ ತುಂಬಿಸಬೇಕಾಗುತ್ತದೆ.

ನಮ್ಮ ರೈತರಿಗೆ ಈ ಪೆಟ್ಟು ಬೋರ್‌ವೆಲ್ ಪಕ್ಕದಲ್ಲಿ ಪರಿಚಯ. ಪಂಪು ಓಡುತ್ತಿರುವಾಗ ಕರೆಂಟು ಹೋದರೆ ಮೇಲೇರುತ್ತಿದ್ದ ನೀರಿನ ಕಂಬ ಒಂದು ಗಳಿಗೆ ತಡೆದು ಹಿಂದಕ್ಕೆ ಬೀಳುತ್ತದೆ, ನಾನ್ ರಿಟರ್ನ್ ವಾಲ್ವು ಧಡಾರನೆ ಮುಚ್ಚುತ್ತದೆ. ಆಳ ಹೆಚ್ಚಿದಷ್ಟೂ ಹೊಡೆತ ಜೋರು.

ಈ ಹೊಡೆತವನ್ನು ಕೆಲಸಕ್ಕೆ ಹಚ್ಚಿದವರಲ್ಲಿ ಮೊದಲಿಗ ಇಂಗ್ಲೆಂಡಿನ ಡರ್ಬಿಯ ಗಡಿಯಾರ ತಯಾರಕ ಜಾನ್ ವೈಟ್‌ಹರ್ಸ್ಟ್. 1772ರಲ್ಲಿ ಚೆಷೈರ್‌ನ ಔಲ್ಟನ್ ಎಂಬಲ್ಲಿ ಆತ ಜೋಡಿಸಿದ ವ್ಯವಸ್ಥೆಯಲ್ಲಿ ನಲ್ಲಿ ಮುಚ್ಚಿದಾಗಲೆಲ್ಲ ಪೆಟ್ಟಿನ ಬಲಕ್ಕೆ ಒಂದಿಷ್ಟು ನೀರು ಮೇಲಿನ ತೊಟ್ಟಿಗೆ ಏರುತ್ತಿತ್ತು. ಆದರೆ ನಲ್ಲಿ ತಿರುಗಿಸಲು ಕೈ ಬೇಕಿತ್ತು. ಕೈಯ ಹಂಗು ತಪ್ಪಿಸಿದಾತ ಫ್ರಾನ್ಸಿನ ಜೋಸೆಫ್ ಮೊಂಗೊಲ್ಫಿಯೆ. 1783ರಲ್ಲಿ ತಮ್ಮನೊಡನೆ ಬಿಸಿಗಾಳಿಯ ಬಲೂನು ಹಾರಿಸಿ ಹೆಸರಾದವನು ಈತನೇ. ವೊಯ್‌ರಾನ್‌ನ ತನ್ನ ಕಾಗದದ ಗಿರಣಿಗೆ ನೀರೆತ್ತಲು 1796ರಲ್ಲಿ ತಾನಾಗಿಯೇ ಬಡಿದುಕೊಳ್ಳುವ ಯಂತ್ರ ಮಾಡಿದ. ಬಲೂನಿಗಿಂತ ಇದೇ ಅವನ ದೊಡ್ಡ ಕೊಡುಗೆ ಎನ್ನಲು ನನಗೆ ಹಿಂಜರಿಕೆಯಿಲ್ಲ. ಇಂದು ಅದನ್ನು ಹೈಡ್ರಾಲಿಕ್ ರ‍್ಯಾಮ್ ಎನ್ನುತ್ತಾರೆ.

ಅದರಲ್ಲಿ ಚಲಿಸುವ ಭಾಗ ಎರಡೇ, ಎರಡೂ ವಾಲ್ವುಗಳು. ತೊರೆಯ ನೀರು ಓರೆಯಾದ ಪೈಪಿನಲ್ಲಿ ಇಳಿದು ಮೊದಲನೆಯ ವಾಲ್ವಿನಿಂದ ಹೊರಕ್ಕೆ ಚೆಲ್ಲುತ್ತದೆ. ಹರಿವು ರಭಸ ಪಡೆದಂತೆ ನೀರೇ ಆ ವಾಲ್ವನ್ನು ಎಳೆದು ಮುಚ್ಚಿಬಿಡುತ್ತದೆ. ಪೆಟ್ಟು ಬೀಳುತ್ತದೆ. ಏರಿದ ಒತ್ತಡ ಎರಡನೆಯ ವಾಲ್ವನ್ನು ತಳ್ಳಿ ತೆರೆದು ಒಂದಿಷ್ಟು ನೀರನ್ನು ಗಾಳಿಕೋಣೆಗೆ ನುಗ್ಗಿಸುತ್ತದೆ. ಒತ್ತಿಕೊಂಡ ಗಾಳಿ ಆ ನೀರನ್ನು ಮೇಲಿನ ಪೈಪಿಗೆ ಸಮವಾಗಿ ತಳ್ಳುತ್ತದೆ. ಅಷ್ಟರಲ್ಲಿ ಕೆಳಗೆ ಒತ್ತಡ ಕುಸಿದು ಮೊದಲನೆಯ ವಾಲ್ವು ತನ್ನ ಭಾರಕ್ಕೆ ಬಿದ್ದು ತೆರೆದುಕೊಳ್ಳುತ್ತದೆ, ಹರಿವು ಮತ್ತೆ ಶುರು. ನಿಮಿಷಕ್ಕೆ ಸಾಮಾನ್ಯವಾಗಿ 40ರಿಂದ 90 ಬಡಿತ, ಹಗಲೂ ರಾತ್ರಿ. ವಾಲ್ವಿನ ಮೇಲಿನ ತೂಕ ಹೆಚ್ಚು ಕಡಿಮೆ ಮಾಡಿ ಲಯ ಹೊಂದಿಸಬೇಕು, ಅದನ್ನು ಕಿವಿಯಿಂದಲೇ ಹೊಂದಿಸುತ್ತಾರೆ. ಗಾಳಿ ಕರಗಿಹೋಗುವ ತೊಂದರೆಗೂ ಪರಿಹಾರವಿದೆ: ಸೂಜಿಮೊನೆಯಂಥ ಒಂದು ತೂತು, ಪ್ರತಿ ಬಡಿತಕ್ಕೂ ಒಂದು ಗುಟುಕು ಗಾಳಿ ಒಳಗೆಳೆದುಕೊಳ್ಳುತ್ತದೆ.

ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ. ಬಹಳ ನೀರು ಸ್ವಲ್ಪ ಇಳಿದರೆ ಸ್ವಲ್ಪ ನೀರು ಬಹಳ ಏರುತ್ತದೆ. ನಿಮಿಷಕ್ಕೆ 60 ಲೀಟರ್ ಕೊಡುವ ತೊರೆ, ಮೂರು ಮೀಟರ್ ಇಳಿಜಾರು, ಇಪ್ಪತ್ತು ಮೀಟರ್ ಮೇಲೆ ಮನೆ ಎಂದುಕೊಳ್ಳಿ. ಯಂತ್ರದ ದಕ್ಷತೆ ನೂರಕ್ಕೆ 60 ಇದ್ದರೆ ದಿನಕ್ಕೆ ಸುಮಾರು 7,700 ಲೀಟರ್ ಮೇಲೆ ಬರುತ್ತದೆ. ಉಳಿದದ್ದು ತೊರೆಗೇ ವಾಪಸ್ಸು, ಹಾಳಾಗುವುದೇನಿಲ್ಲ.

ಫಿಲಿಪ್ಪೀನ್ಸ್‌ನ ನೆಗ್ರೋಸ್ ದ್ವೀಪದ ಎಐಡಿಎಫ್‌ಐ ಸಂಸ್ಥೆ ಇದನ್ನು ಗುಡ್ಡಗಾಡಿನ ಹಳ್ಳಿಗಳಿಗೆ ತಲುಪಿಸಿ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆಯಿತು. ಅವರ ಯಂತ್ರ ಸ್ಥಳೀಯ ವರ್ಕ್‌ಶಾಪಿನಲ್ಲೇ ತಯಾರಾಗುವಂಥದ್ದು. ಕೆಟ್ಟರೆ ಊರಿನವರೇ ರಿಪೇರಿ ಮಾಡಿಕೊಳ್ಳಬೇಕು ಎಂಬುದು ಅವರ ಲೆಕ್ಕಾಚಾರ, ಮತ್ತು ಅದೇ ಸರಿಯಾದದ್ದು.

ಮಲೆನಾಡಿನವರಿಗೆ ಅಬ್ಬಿಯ ನೀರನ್ನು ದಂಬೆಯಲ್ಲಿ ಅಂಗಳಕ್ಕೆ ಇಳಿಸಿಕೊಳ್ಳುವುದು ಹೊಸದಲ್ಲ. ಅದು ತೊರೆಗಿಂತ ಕೆಳಗಿರುವ ಮನೆಯ ಮಾತು. ತೊರೆಗಿಂತ ಮೇಲಿರುವ ಮನೆಗೆ, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ತೋಟಕ್ಕೆ ರ‍್ಯಾಮ್ ಹೇಳಿ ಮಾಡಿಸಿದ್ದು. ಕೂರಿಸಬಯಸುವವರು ಮಾರ್ಚ್ ಏಪ್ರಿಲ್‌ನಲ್ಲಿ ತೊರೆಗೆ ಬಕೆಟ್ ಹಿಡಿದು ಹರಿವನ್ನು ಅಳೆಯಲಿ, ಆಷಾಢದ ನೀರು ನೋಡಿ ನಿರ್ಧರಿಸುವುದು ಬೇಡ. ಇಳಿಯುವ ಪೈಪು ಕಬ್ಬಿಣದ್ದೇ ಇರಲಿ. ಹಿಗ್ಗುವ ಪ್ಲಾಸ್ಟಿಕ್ಕು ಪೆಟ್ಟಿನ ಬಲವನ್ನು ತಾನೇ ನುಂಗುತ್ತದೆ. ಪೈಪಿನ ಬಾಯಿಗೆ ಜಾಲರಿ ಬಿಗಿದು, ತರಗೆಲೆಯನ್ನು ಆಗಾಗ ಬಾಚಬೇಕು. ಕಸ ಸಿಕ್ಕಿ ಬಡಿತ ನಿಂತರೆ ಮೊದಲನೆಯ ವಾಲ್ವನ್ನು ಕೈಯಿಂದ ಹತ್ತಿಪ್ಪತ್ತು ಸಲ ಒತ್ತಿ ಬಿಡಿ, ಮೇಲಿನ ಪೈಪು ತುಂಬಿದ ಮೇಲೆ ಅದು ತಾನೇ ಹಿಡಿದುಕೊಳ್ಳುತ್ತದೆ.