ಬಾಳ್ಯ ಯಾಕೆ ಹಾಗೆ ಮಾಡಿದ?

ನಮ್ಮ ಮದ್ರಸದಲ್ಲಿ ಕಲಿತು ಈಗ ಪಿಯುಸಿ ಓದುವ ಹುಡುಗನೊಬ್ಬ ಮೊನ್ನೆ ಬಂದು, "ಉಸ್ತಾದ್, ಕಾಲೇಜಿನಲ್ಲಿ 'ಸಂಗ್ಯಾ ಬಾಳ್ಯಾ' ಆಡಿಸ್ತಾರೆ. ನನಗೆ ಬಾಳ್ಯನ ಪಾತ್ರ. ಮನೆಯಲ್ಲಿ ಬೇಡ ಅಂತಾರೆ" ಎಂದ. ನಾವೂ ಬೇಡ ಎನ್ನುವವರೇ ಇದ್ದೆವು. ಕಥೆ ಗೊತ್ತಿದ್ದುದರಿಂದ ಸುಮ್ಮನಾದೆವು.

ಇದು ಬೆಳಗಾವಿ ಕಡೆಯ ಸಣ್ಣಾಟ. ಮಾತಿಗಿಂತ ಹಾಡು ಹೆಚ್ಚು, ಹಿಂದೆ ಮೇಳ ನಿಂತು ಸೊಲ್ಲು ಎತ್ತಿಕೊಡುತ್ತದೆ. ದಪ್ಪು ಬಾರಿಸುವುದರಿಂದ ದಪ್ಪಿನಾಟ ಅಂತಲೂ ಹೆಸರು. ದಫ್ ಬಲ್ಲ ನಮ್ಮವರಿಗೆ ಆ ಸದ್ದು ಹೊಸತಲ್ಲ. ಹಿಡಕಲ್ ಅಣೆಕಟ್ಟಿನ ಸೀಮೆಯಂತೂ ಹಾಡಿನಾಟದ ತವರು. ಪಾರಿಜಾತದ ಕುಲಗೋಡ ತಮ್ಮಣ್ಣ, ಅದನ್ನು ಹಾಡಿ ಮೆರೆದ ಕೌಜಲಗಿ ನಿಂಗಮ್ಮ ಅಲ್ಲಿಯವರು. ಘಟಪ್ರಭೆಯ ದಡದ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಡತನದಿಂದ ಶಾಲೆ ಬಿಟ್ಟಿದ್ದ ಹುಡುಗ. ಸಾವಳಗಿ ಮಠದ ಸ್ವಾಮಿಗಳು ಕೈಹಿಡಿದು ಓದಿಸಿದರು. 'ಜೋಕುಮಾರಸ್ವಾಮಿ' ಬರೆದವರು ಅವರೇ.

ಸಂಗ್ಯಾ ತನ್ನ ಗೆಳೆಯ ಈರಣ್ಣನ ಹೆಂಡತಿ ಗಂಗಿಯ ಮೋಹಕ್ಕೆ ಬೀಳುತ್ತಾನೆ. ಜೊತೆಗಾರ ಬಾಳ್ಯ ತಡೆಯುವುದಿಲ್ಲ, ನೆರವಾಗುತ್ತಾನೆ. ಕೊನೆಗೆ ಸಂಗ್ಯಾನನ್ನು ಕೊಲೆಗೆ ಒಪ್ಪಿಸುವವನೂ ಅವನೇ. ನಮ್ಮ ಊರುಗಳಲ್ಲಿ ಹುಡುಗರಿಗೆ ಗಾಂಜಾ ಹಚ್ಚುವವ ಪರದೇಶಿಯಲ್ಲ, ಬೈಕಿನ ಹಿಂದೆ ಕೂತು ತಿರುಗುವ ದೋಸ್ತಿಯೇ. ವಅಳ್‌ನಲ್ಲಿ ನಾವು ಗಂಟೆಗಟ್ಟಲೆ ಹೇಳಿದರೂ ಮಕ್ಕಳು ಮೊಬೈಲ್ ನೋಡುತ್ತಾರೆ.

ಹುಡುಗನ ಬಾಪನ ಹತ್ತಿರ ಮಾತಾಡಿದೆವು. ರಿಹರ್ಸಲ್ ಮುಗಿಸಿ ಮಗ್ರಿಬ್‌ಗೆ ಮೊದಲು ಮನೆ ಸೇರಬೇಕು ಅಂತ ಶರತ್ತು ಹಾಕಿ ಒಪ್ಪಿದರು.

"ಬಾಳ್ಯ ಯಾಕೆ ಹಾಗೆ ಮಾಡಿದ?" ಅಂತ ಹುಡುಗನನ್ನು ಕೇಳಿದೆವು.

"ನಮ್ಮ ಸರ್ ಸಹ ಅದನ್ನೇ ಕೇಳ್ತಾರೆ ಉಸ್ತಾದ್. ನನಗೆ ಹೇಳ್ಲಿಕ್ಕೆ ಬರ್ತಾ ಇಲ್ಲ" ಎಂದ.