ಅವಧಿಪೂರ್ವ ಶಿಶು ಮತ್ತು ಹೆತ್ತವರ ಬಾಂಧವ್ಯ: ಸದಸ್ಯರ ಹೊಣೆ

ಗರ್ಭಾವಸ್ಥೆಯ 37 ವಾರಗಳು ತುಂಬುವ ಮುನ್ನ ಜನಿಸಿದ ಮಗುವನ್ನು ಅವಧಿಪೂರ್ವ ಶಿಶು ಎನ್ನಲಾಗುತ್ತದೆ. ಇಂತಹ ಶಿಶು ವಿಶೇಷ ನವಜಾತ ಶಿಶು ಆರೈಕೆ ಘಟಕದಲ್ಲಿರುವಾಗ ಬಾಣಂತಿಯನ್ನು ಮಾತ್ರ ಮನೆಗೆ ಕರೆದೊಯ್ಯುವ ಕುಟುಂಬಗಳುಂಟು. ಇದರಿಂದ ಎದೆಹಾಲು ಕುಗ್ಗುವುದಲ್ಲದೆ, ಮುಂದೆ ಮಗುವನ್ನು ಎತ್ತಿಕೊಳ್ಳಲು ತಾಯಿಯೇ ಅಂಜುವಂತಾಗುತ್ತದೆ.

ಇದಕ್ಕೆ ವೆಚ್ಚವಿಲ್ಲದ ಪರಿಹಾರವೆಂದರೆ ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಇನ್‌ಕ್ಯುಬೇಟರ್‌ಗಳ ಕೊರತೆಯಿದ್ದಾಗ ಡಾ. ಎಡ್ಗರ್ ರೇ ಸನಾಬ್ರಿಯಾ ಇದನ್ನು ಆರಂಭಿಸಿದರು. ಟೊಪ್ಪಿ, ಕಾಲುಚೀಲ, ಲಂಗೋಟಿ ಮಾತ್ರ ತೊಡಿಸಿದ ಶಿಶುವನ್ನು ತಾಯಿಯ ಬರಿ ಎದೆಗೆ ಒರಗಿಸಿ ಬಟ್ಟೆಯಿಂದ ಬಿಗಿಯಲಾಗುತ್ತದೆ. ಮೈ ಬೆಚ್ಚಗಿರುತ್ತದೆ, ಹಾಲೂಡುವಿಕೆ ಸುಗಮವಾಗುತ್ತದೆ, ಸೋಂಕು ಹಾಗೂ ಮರಣದ ಅಪಾಯ ತಗ್ಗುತ್ತದೆ. ದಿನಕ್ಕೆ 8ರಿಂದ 24 ಗಂಟೆಗಳ ಆರೈಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ.

ಇಷ್ಟು ಹೊತ್ತು ತಾಯಿಯೊಬ್ಬಳಿಂದ ಸಾಧ್ಯವಾಗದಿದ್ದಾಗ ತಂದೆ, ಅಜ್ಜಿಯರೂ ಈ ಆರೈಕೆ ನೀಡಬಹುದು. ಪುರುಡಿನ ಹೆಸರಿನಲ್ಲಿ ತಂದೆಯನ್ನು ದೂರವಿಡುವುದು ಸಲ್ಲದು.

ಆದುದರಿಂದ ಸದಸ್ಯರು ಈ ಕೆಳಕಂಡ ಅಂಶಗಳತ್ತ ಗಮನ ಹರಿಸುವುದು:

1. ತಾಯಿಯು ಆಸ್ಪತ್ರೆಯಲ್ಲಿ ಶಿಶುವಿನ ಬಳಿಯೇ ಉಳಿಯುವಂತೆ ಮನೆಯ ಹಿರಿಯರ ಮನವೊಲಿಸುವುದು.

2. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅಸ್ವಸ್ಥ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಸಾರಿಗೆ ಉಚಿತವೆಂಬುದನ್ನು ತಿಳಿಸುವುದು.

3. ಮನೆಗೆ ಮರಳಿದ ನಂತರವೂ ಆರೈಕೆ ಮುಂದುವರಿಯುತ್ತಿದೆಯೇ ಎಂಬುದನ್ನು ಆಶಾ ಕಾರ್ಯಕರ್ತೆಯೊಂದಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಪರಿಶೀಲಿಸುವುದು.

ಮನೆಗೆಲಸದ ಹೊರೆಯಿಂದ ಬಾಣಂತಿಗೆ ಬಿಡುವು ದೊರೆತರೆ ಮಾತ್ರ ಶಿಶುವಿಗೆ ತಾಯಿಯ ಮಡಿಲು ದೊರೆಯುತ್ತದೆ. ಆ ಬಿಡುವನ್ನು ಒದಗಿಸುವುದು ಕುಟುಂಬದ ಹಾಗೂ ಊರಿನ ಕರ್ತವ್ಯವಾಗಿದೆ.